ಸಿರಿವಂತರಿಗೂ ಪಾಲು ಕೇಳಿದ ಥಾಮಸ್ ಪೇನ್

1737ರಲ್ಲಿ ಇಂಗ್ಲೆಂಡಿನ ಥೆಟ್‌ಫರ್ಡ್‌ನಲ್ಲಿ ಜನಿಸಿದ ಥಾಮಸ್ ಪೇನ್, ಸುಂಕ ಇಲಾಖೆಯ ಕೆಲಸ ಕಳೆದುಕೊಂಡು 1774ರಲ್ಲಿ ಅಮೆರಿಕ ಸೇರಿದ. 1776ರ ‘ಕಾಮನ್ ಸೆನ್ಸ್’ ಕಿರುಹೊತ್ತಿಗೆ ಅವನನ್ನು ಅಲ್ಲಿ ಮನೆಮಾತಾಗಿಸಿತು. ಆದರೆ ಆತನ ನಿಜವಾದ ದಿಟ್ಟತನ ಕಾಣುವುದು 1797ರಲ್ಲಿ ಪ್ರಕಟವಾದ ‘ಅಗ್ರೇರಿಯನ್ ಜಸ್ಟಿಸ್’ನಲ್ಲಿ.

ಭೂಮಿ ಮೂಲತಃ ಸಮಸ್ತರ ಸ್ವತ್ತು. ಅದನ್ನು ತಮ್ಮದಾಗಿಸಿಕೊಂಡವರು ಉಳಿದವರಿಗೆ ಋಣಿಗಳು ಎಂಬುದು ಪೇನ್ ವಾದ. ಉತ್ತರಾಧಿಕಾರದ ಆಸ್ತಿಗೆ ತೆರಿಗೆ ವಿಧಿಸಿ, 21 ತುಂಬಿದ ಪ್ರತಿಯೊಬ್ಬರಿಗೂ 15 ಪೌಂಡ್, 50 ತುಂಬಿದವರಿಗೆ ವರ್ಷಕ್ಕೆ 10 ಪೌಂಡ್ ನೀಡಬೇಕೆಂದ. ಬಡವರಿಗಷ್ಟೇ ಅಲ್ಲ, ಸಿರಿವಂತರಿಗೂ! ಬಡವರಿಗೆ ಮಾತ್ರ ಕೊಟ್ಟಿದ್ದರೆ ಅದು ಭಿಕ್ಷೆಯಾಗುತ್ತಿತ್ತು. ಆ ಹಣದಲ್ಲಿ ಯುವ ದಂಪತಿ ಹಸುವೊಂದನ್ನೂ ಬೇಸಾಯದ ಸಲಕರಣೆಗಳನ್ನೂ ಕೊಳ್ಳಬಹುದೆಂಬುದು ಆತನ ಲೆಕ್ಕ.

1809ರಲ್ಲಿ ನ್ಯೂಯಾರ್ಕ್‌ನಲ್ಲಿ ತೀರಿಕೊಂಡಾಗ ಅಂತ್ಯಕ್ರಿಯೆಗೆ ಬಂದವರು ಬೆರಳೆಣಿಕೆಯಷ್ಟು. ಬ್ರಿಟನ್ನಿನಲ್ಲಿ ಸರ್ಕಾರಿ ವೃದ್ಧಾಪ್ಯ ವೇತನ ಆರಂಭವಾದದ್ದು ಸರಿಯಾಗಿ ನೂರು ವರ್ಷಗಳ ನಂತರ, 1909ರಲ್ಲಿ. ಅದೂ 70 ತುಂಬಿದ ಬಡವರಿಗೆ ಮಾತ್ರ.