ಒಂದೇ ಹಾಳೆಯಲ್ಲಿ ಲಂಡನ್ನಿನ ಸಾವುಗಳು

ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಉದ್ದದ ಟೇಬಲ್ ಬಂತು ಅಂದ್ರೆ ನಾವೆಲ್ಲ ಮಾಡೋದು ಒಂದೇ. ಎಕ್ಸೆಲ್‌ನಲ್ಲಿ ಒಂದೇ ಪುಟಕ್ಕೆ ಹೊಂದಿಸಿ, ಅಕ್ಷರ ಇರುವೆ ಗಾತ್ರಕ್ಕಿಳಿದರೂ ಪ್ರಿಂಟ್ ತೆಗೆಯೋದು. ಇದೇ ತಾಪತ್ರಯ ಸುಮಾರು 360 ವರ್ಷಗಳ ಹಿಂದೆ ಲಂಡನ್ನಿನ ಒಬ್ಬ ಬಟ್ಟೆ ವ್ಯಾಪಾರಿಗೆ ಬಂದಿತ್ತು. ಅವನೇ ಜಾನ್ ಗ್ರಾಂಟ್.

1620ರಲ್ಲಿ ಹುಟ್ಟಿದ ಗ್ರಾಂಟ್ ಅಪ್ಪನಂತೆಯೇ ಬಟ್ಟೆಬರೆ ವ್ಯಾಪಾರಕ್ಕೆ ಇಳಿದ. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವನಲ್ಲ, ಅವನ ಗಣಿತವೆಲ್ಲ ಅಂಗಡಿ ಲೆಕ್ಕದ್ದು. ಆಗ ಲಂಡನ್ನಿನಲ್ಲಿ ಪ್ರತಿ ಗುರುವಾರ ಸಾವಿನ ಪಟ್ಟಿ ಅಚ್ಚಾಗುತ್ತಿತ್ತು. ಜನ ಪ್ಲೇಗ್ ಏರಿತಾ ಇಳಿಯಿತಾ ಅಂತ ನೋಡಿ ಮರೆತುಬಿಡುತ್ತಿದ್ದರು. ಗ್ರಾಂಟ್ ಹಳೆಯ ಪಟ್ಟಿಗಳನ್ನೆಲ್ಲ ಕಲೆಹಾಕಿದ.

ಕಲೆಹಾಕಿದ ಮೇಲೆ ಶುರುವಾಯ್ತು ಕಷ್ಟ. ಸಾವಿನ ಕಾರಣಗಳೇ 81. ಪ್ರತಿ ಕಾರಣಕ್ಕೂ ವರ್ಷಕ್ಕೊಂದು ಅಂಕಿ. ಗ್ರಾಂಟ್ ನಾಲ್ಕು ನಾಲ್ಕು ವರ್ಷ ಕೂಡಿಸಿ ಕಾಲಮ್ ಮಾಡಿದ, ಕೊನೆಗೆ 20 ವರ್ಷದ ಒಟ್ಟು ಮೊತ್ತ ಇಟ್ಟ. ಆದರೂ ಹಾಳೆ ಸಾಲಲಿಲ್ಲ. 1636 ಮತ್ತು 1647ರ ನಡುವಿನ ಹತ್ತು ವರ್ಷಗಳನ್ನೇ ಕೈಬಿಟ್ಟ. ಅವುಗಳಲ್ಲಿ ವಿಶೇಷವೇನೂ ಇಲ್ಲ, ಹಾಳೆಯಲ್ಲಿ ಜಾಗವೂ ಇಲ್ಲ ಅಂತ ಕಾರಣವನ್ನೂ ಬರೆದ. 1642ರಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧವೇ ಶುರುವಾಗಿತ್ತು, ಹಾಗಾಗಿ ಮೊದಲ ಕಾರಣ ನಮಗೆ ಅಷ್ಟಾಗಿ ಒಪ್ಪಿಗೆಯಾಗಲ್ಲ. ಆದರೆ ನಮ್ಮ ಹಾಗೆ ಕಾಲಮ್ ಹೈಡ್ ಮಾಡಿ ಸುಮ್ಮನೆ ಕೂರಲಿಲ್ಲ ನೋಡಿ, ಅದು ದೊಡ್ಡದು. ಆ ವರ್ಷಗಳ ಒಟ್ಟು ಸಾವುಗಳನ್ನು ಬೇರೊಂದು ಕೋಷ್ಟಕದಲ್ಲಿ ಉಳಿಸಿಕೊಂಡಿದ್ದ.

ಎಲ್ಲ ಒಂದೇ ಹಾಳೆಗೆ ಬಂದಿದ್ದರಿಂದ ಏನು ಲಾಭ? ಒಂದು ಸಾಲನ್ನು ಎಡದಿಂದ ಬಲಕ್ಕೆ ಓದಬಹುದಾಯ್ತು. ರಿಕೆಟ್ಸ್ ಅನ್ನೋ ಮೂಳೆರೋಗ 1634ಕ್ಕೆ ಮೊದಲು ಪಟ್ಟಿಯಲ್ಲೇ ಇಲ್ಲ, ಆ ವರ್ಷ 14 ಸಾವು, ಆಮೇಲೆ ಏರುತ್ತಾ ಹೋಗುತ್ತೆ. ಇದು ಹೊಸ ರೋಗವೋ ಹಳೆಯದಕ್ಕೆ ಹೊಸ ಹೆಸರೋ ಅಂತ ಗ್ರಾಂಟ್ ಪಕ್ಕದ ಸಾಲುಗಳ ಜೊತೆ ಹೋಲಿಸಿ ನೋಡಿದ. ಇನ್ನು ಮೇಲಿಂದ ಕೆಳಕ್ಕೆ ಓದಿದರೆ ಬೇರೆಯೇ ಕಥೆ. ಆಗಿನ ಪಟ್ಟಿಗಳಲ್ಲಿ ಸತ್ತವರ ವಯಸ್ಸೇ ಇರುತ್ತಿರಲಿಲ್ಲ. ಗ್ರಾಂಟ್ ಎಳೆಮಕ್ಕಳಿಗೆ ಮಾತ್ರ ಬರುವ ಕಾಯಿಲೆಗಳ ಸಾಲುಗಳನ್ನು ಕೂಡಿಸಿದ. 20 ವರ್ಷದ 2,29,250 ಸಾವುಗಳಲ್ಲಿ 71,124 ಅವೇ! ಸಿಡುಬು, ದಡಾರದಂಥವುಗಳಲ್ಲಿ ಅರ್ಧದಷ್ಟನ್ನು ಸೇರಿಸಿ, ಹುಟ್ಟಿದ ನೂರರಲ್ಲಿ ಸುಮಾರು 36 ಮಕ್ಕಳು ಆರು ವರ್ಷ ತುಂಬುವ ಮೊದಲೇ ಹೋಗುತ್ತವೆ ಅಂತ ಲೆಕ್ಕ ಹಾಕಿದ. ವಯಸ್ಸಿನ ಕಾಲಮ್ಮೇ ಇಲ್ಲದ ಡೇಟಾದಿಂದ ವಯಸ್ಸು ತೆಗೆದ ಮನುಷ್ಯ.

ಅಂಕಿಗಳನ್ನು ಕಣ್ಣುಮುಚ್ಚಿ ನಂಬಿದವನೂ ಅಲ್ಲ. ಹೆಣ ನೋಡಿ ಕಾರಣ ಹೇಳುತ್ತಿದ್ದವರು ವಯಸ್ಸಾದ ಹೆಂಗಸರು. ಮನೆಯವರು ಕೊಟ್ಟ ಕುಡಿತ, ಕಾಸಿಗೆ ಅವರು ಗುಹ್ಯರೋಗವನ್ನು ಕ್ಷಯ ಅಂತ ಬರೆಸುತ್ತಾರೆ ಅನ್ನೋ ಗುಮಾನಿಯನ್ನು ಪುಸ್ತಕದಲ್ಲೇ ಹೇಳಿದ.

ಪುಸ್ತಕ 1662ರಲ್ಲಿ ಬಂತು. 50 ಪ್ರತಿಗಳನ್ನು ರಾಯಲ್ ಸೊಸೈಟಿಗೆ ಕೊಟ್ಟ, ಅದೇ ವರ್ಷ ಸದಸ್ಯನೂ ಆದ. ಬಟ್ಟೆ ವ್ಯಾಪಾರಿಗೆ ಅಲ್ಲೇನು ಕೆಲಸ ಅನ್ನೋ ಕಾಲದಲ್ಲಿ ರಾಜ ಎರಡನೇ ಚಾರ್ಲ್ಸನೇ ಶಿಫಾರಸು ಮಾಡಿದನಂತೆ.

ಮುಂದಿನದು ಇಳಿಮುಖ. 1666ರ ಮಹಾ ಬೆಂಕಿಯಲ್ಲಿ ಮನೆ ಸುಟ್ಟುಹೋಯ್ತು. ಕ್ಯಾಥೊಲಿಕ್ ಮತಕ್ಕೆ ಸೇರಿದ್ದು ಆಗಿನ ಇಂಗ್ಲೆಂಡಿನಲ್ಲಿ ಇನ್ನಷ್ಟು ಕಷ್ಟ ತಂದಿತು, ಕೈಯಲ್ಲಿ ಕಾಸೂ ಉಳಿಯಲಿಲ್ಲ. 1674ರ ಏಪ್ರಿಲ್‌ನಲ್ಲಿ ಕಾಮಾಲೆಯಿಂದ ತೀರಿಕೊಂಡ. ಆ ಹಾಳೆಯಲ್ಲಿ ಕಾಮಾಲೆಗೂ ಒಂದು ಸಾಲಿದೆ. ಪುಸ್ತಕದ ಐದನೇ ಮುದ್ರಣ ಬಂದದ್ದು ಅವನು ಹೋದ ಎರಡು ವರ್ಷಕ್ಕೆ.