ಸುಣ್ಣದಿಂದ ಸುಟ್ಟ ಕಣ್ಣಿಗೆ ಬೆಳಕು ತಂದ ವೈದ್ಯರು

ಗೋಡೆಗೆ ಬಳಿಯುವದಕ್ಕಾಗಿ ಸುಟ್ಟ ಸುಣ್ಣದ ಮೇಲೆ ನೀರು ಹೊಯ್ದಾಗ ಅದು ಕೊತಕೊತನೆ ಕುದಿದು ಸಿಡಿಯುವದನ್ನು ನಾವೆಲ್ಲರೂ ಕಂಡಿದ್ದೇವೆ. ಆಗ ಮಕ್ಕಳನ್ನು ದೂರ ಅಟ್ಟುವದು ನಮ್ಮ ಮನೆಗಳ ವಾಡಿಕೆ, ಒಳ್ಳೆಯ ವಾಡಿಕೆಯೇ. ಯಾಕಂದರೆ ಸುಣ್ಣವು ಕಣ್ಣಿಗೆ ಬಿದ್ದ ಕ್ಷಣವೇ ಧಾರಾಳವಾಗಿ ನೀರು ಹೊಯ್ದು ತೊಳೆಯದಿದ್ದರೆ, ಅದು ಮೇಲಿನ ಪದರವನ್ನು ಸುಟ್ಟು ಒಳಕ್ಕೂ ಇಳಿಯುತ್ತದೆ. ಹಾಗೆ ಎರಡು ಕಣ್ಣುಗಳನ್ನೂ ಕಳಕೊಂಡಿದ್ದ ಒಬ್ಬ ಬಡ ಕೂಲಿಯವನಿಗೆ ದೃಷ್ಟಿಯನ್ನು ತಿರಿಗಿ ಕೊಟ್ಟ ಎಡ್ವರ್ಡ್ ಜಿರ್ಮ್ ಎಂಬ ವೈದ್ಯರ ಚರಿತ್ರೆಯನ್ನು ಈ ಸಾರಿ ಬರೆಯುತ್ತೇವೆ.

ಜಿರ್ಮರು 1863ರಲ್ಲಿ ಆಸ್ಟ್ರಿಯ ದೇಶದ ವಿಯೆನ್ನ ಪಟ್ಟಣದಲ್ಲಿ ಹುಟ್ಟಿದರು. ವೈದ್ಯಶಾಸ್ತ್ರವನ್ನು ಕಲಿತ ತರುವಾಯ, 1892ರಲ್ಲಿ ಮೊರೇವಿಯ ಸೀಮೆಯ ಓಲೊಮೌಟ್ಸ್ ಊರಿನ ಕಣ್ಣಿನ ಆಸ್ಪತ್ರೆಗೆ ಮುಖ್ಯಸ್ಥರಾದರು. ಆ ಊರು ಅಂದು ಆಸ್ಟ್ರಿಯದ ಚಕ್ರವರ್ತಿಯ ಆಳಿಕೆಯಲ್ಲಿತ್ತು. ಈಗ ಚೆಕ್ ದೇಶದಲ್ಲಿದೆ.

ಅವರ ಕೆಲಸವನ್ನು ತಿಳಿಯಬೇಕಾದರೆ ಕಣ್ಣಿನ ವಿಷಯ ಸ್ವಲ್ಪ ಹೇಳಬೇಕು. ಕರಿಯಾಲಿಯ ಮುಂದೆ, ಗಡಿಯಾರದ ಮೇಲಣ ಗಾಜಿನಂತೆ, ನಿರ್ಮಲವಾದ ಒಂದು ಪದರವಿದೆ. ವೈದ್ಯರು ಇದನ್ನು ಕಾರ್ನಿಯಾ ಎನ್ನುವರು. ಇದು ಸುಟ್ಟರೆ ಇಲ್ಲವೆ ಹುಣ್ಣಾದರೆ ಬೆಳ್ಳಗಾಗುತ್ತದೆ. ಕಣ್ಣಿಗೆ ಹೂ ಬಿತ್ತೆಂದು ನಾವು ಹೇಳುವದು ಇದನ್ನೇ. ಒಳಗಿನ ಭಾಗಗಳು ಸ್ವಸ್ಥವಾಗಿದ್ದರೂ ಬೆಳಕು ಒಳಗೆ ಹೋಗದು. ಬೆಳ್ಳಗಾದ ತುಂಡನ್ನು ತೆಗೆದು ಬೇರೊಂದನ್ನು ಕೂಡಿಸಬಾರದೇ ಎಂದು ಹಿಂದಿನ ವೈದ್ಯರು ಯೋಚಿಸಿ, ಹಂದಿ ಮುಂತಾದ ಪ್ರಾಣಿಗಳ ಕಣ್ಣಿನಿಂದ ತೆಗೆದು ಹಾಕಿ ನೋಡಿದ್ದರು. ಅವೆಲ್ಲ ಕೆಲವು ದಿವಸಗಳಲ್ಲೇ ಮಬ್ಬಾಗಿ ಕೆಟ್ಟುಹೋದವು. ಹಲವರು ಆಶೆ ಬಿಟ್ಟರು.

ಹೀಗಿರಲಾಗಿ 1905ರಲ್ಲಿ ಜಿರ್ಮರ ಆಸ್ಪತ್ರೆಯಲ್ಲಿ ಇಬ್ಬರು ರೋಗಿಗಳು ಒಂದೇ ಕಾಲದಲ್ಲಿ ಕೂಡಿದರು. ಒಬ್ಬನು ಸುಣ್ಣದಿಂದ ಕುರುಡನಾದ, 45 ವರುಷದ ಕೂಲಿಯವನು. ಮತ್ತೊಬ್ಬನು 11 ವರುಷದ ಹುಡುಗ. ಕಬ್ಬಿಣದ ಚೂರು ಹೊಕ್ಕು ಅವನ ಒಂದು ಕಣ್ಣು ಉಳಿಯಲಾರದಷ್ಟು ಗಾಯಗೊಂಡಿತ್ತು. ಅದನ್ನು ತೆಗೆಯದೆ ಉಪಾಯವಿರಲಿಲ್ಲ. ಆದರೆ ಅದರ ಮುಂದಿನ ಪದರ ಮಾತ್ರ ಇನ್ನೂ ತಿಳಿಯಾಗಿತ್ತು. ಬೇರೆಯವರಾದರೆ ಆ ಕಣ್ಣನ್ನು ಎಸೆದುಬಿಡುತ್ತಿದ್ದರು. ಅಳುವ ಹುಡುಗನ ನಷ್ಟದ ನಡುವೆಯೂ ಮತ್ತೊಬ್ಬನ ಕತ್ತಲೆಯನ್ನು ನೆನೆದದ್ದೇ ಜಿರ್ಮರ ದೊಡ್ಡತನವೆಂದು ನಾವು ಎಣಿಸುತ್ತೇವೆ.

ದಶಂಬರ 7ರಂದು ಅವರು ಹುಡುಗನ ಕಣ್ಣನ್ನು ತೆಗೆದು, ಅದರ ತಿಳಿಯಾದ ಪದರದಿಂದ ಐದು ಮಿಲಿಮೀಟರ್ ಅಗಲದ ದುಂಡಾದ ಎರಡು ತುಂಡುಗಳನ್ನು ಕತ್ತರಿಸಿದರು. ಅವು ಒಣಗದಂತೆ ಉಪ್ಪುನೀರಿನಲ್ಲಿ ನೆನೆದ ಶುದ್ಧ ಬಟ್ಟೆಯ ನಡುವೆ, ಹಬೆಯ ಮೇಲೆ ಬೆಚ್ಚಗೆ ಇಟ್ಟರು. ಕೂಲಿಯವನಿಗೆ ಎಚ್ಚರ ತಪ್ಪಿಸಿ, ಅವನ ಎರಡು ಕಣ್ಣುಗಳಲ್ಲಿಯೂ ಅದೇ ಅಳತೆಯ ಕಿಂಡಿ ಕೊರೆದು, ತುಂಡುಗಳನ್ನು ಕೂಡಿಸಿದರು. ಎಳೆಯ ತುಂಡಿಗೇ ಸೂಜಿ ಚುಚ್ಚಿದರೆ ಕೆಡುವದೆಂದು, ಅದನ್ನು ಹೊಲಿಯದೆ ಮೇಲಿನಿಂದ ಒತ್ತಿ ಹಿಡಿದಿರುವಂತೆ ಕಟ್ಟು ಮಾಡಿದರು.

ಬಲಗಣ್ಣಿನ ತುಂಡು ನಿಲ್ಲಲಿಲ್ಲ. ಎಡಗಣ್ಣಿನದು ನಿಂತಿತು! ದಿನ ಕಳೆದರೂ ಮಬ್ಬಾಗಲಿಲ್ಲ. ಆ ಮನುಷ್ಯನು ಮೊದಲಿನಷ್ಟು ಚೆನ್ನಾಗಿ ಕಾಣದಿದ್ದರೂ, ಒಬ್ಬರ ಕೈ ಹಿಡಿಯದೆ ನಡೆದು, ತಿರಿಗಿ ಕೂಲಿಗೆ ಹೋಗಿ ತನ್ನ ಅನ್ನವನ್ನು ದುಡಿಯುವವನಾದನು. ಮನುಷ್ಯರಿಂದ ಮನುಷ್ಯರಿಗೆ ಕೂಡಿಸಿದ ಇಂಥ ಪದರಗಳಲ್ಲಿ ತಿಳಿಯಾಗಿ ಉಳಿದ ಮೊದಲನೆಯದು ಇದೇ. ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲವಾದದರಿಂದ ದೇಹವು ಪರರ ತುಂಡನ್ನು ಬೇಗನೆ ತಳ್ಳಿಹಾಕದು. ಆದರೂ ಸುಣ್ಣದಿಂದ ಸುಟ್ಟ ಕಣ್ಣಿನಲ್ಲಿ ಅದು ನಿಲ್ಲುವದು ಇಂದಿಗೂ ಕಷ್ಟವೇ.

ಜಿರ್ಮರು ತಾವು ಮಾಡಿದ್ದನ್ನು ಮುಚ್ಚಿಡದೆ, ಕೆಟ್ಟದ್ದನ್ನೂ ಒಳ್ಳೆಯದನ್ನೂ 1906ರಲ್ಲಿ ಬರೆದು ಪ್ರಕಟಿಸಿದರು. 1930ರ ದಶಕದಲ್ಲಿ ಒಡೆಸ್ಸ ಪಟ್ಟಣದ ಫಿಲಾಟೊವ್ ಎಂಬ ವೈದ್ಯರು ಸತ್ತವರ ಕಣ್ಣುಗಳಿಂದಲೂ ಈ ಕೆಲಸವಾಗುವದೆಂದು ಅನೇಕ ರೋಗಿಗಳಲ್ಲಿ ತೋರಿಸಿದರು. ಆಗ ಬದುಕಿರುವವರ ಕಣ್ಣಿಗಾಗಿ ಕಾಯುವದು ತಪ್ಪಿತು. ಜಿರ್ಮರು 1944ರಲ್ಲಿ ತಮ್ಮ 80ನೇ ವಯಸ್ಸಿನಲ್ಲಿ ತೀರಿಕೊಂಡರು. ಮರುವರುಷ, 1945ರಲ್ಲಿ, ನಮ್ಮ ದೇಶದ ಮೊದಲನೆಯ ನೇತ್ರ ಭಂಡಾರವು ಮದ್ರಾಸಿನ ಕಣ್ಣಿನ ಆಸ್ಪತ್ರೆಯಲ್ಲಿ ತೆರೆಯಿತು.