ತಪ್ಪಿದ ಲೆಕ್ಕವನ್ನು ಅಳಿಸದ ಅಧ್ಯಾಪಕ: ಲೂಯಿಸ್ ಫ್ರೈ ರಿಚರ್ಡ್‌ಸನ್

ಬೋಧನಾಭ್ಯಾಸದ ಎರಡನೆಯ ವಾರ ನಾನು ಒಂಬತ್ತನೆಯ ತರಗತಿಗೆ ಗಾಳಿ ಮತ್ತು ಒತ್ತಡದ ಪಾಠ ಮಾಡುತ್ತಿದ್ದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬರುವ ಮುಂಚೆಯೇ ಮೀನುಗಾರರಿಗೆ ಕಡಲಿಗೆ ಇಳಿಯದಂತೆ ಎಚ್ಚರಿಕೆ ಕೊಟ್ಟದ್ದನ್ನು ಉದಾಹರಣೆಯಾಗಿ ಹೇಳಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಇನ್ನೂ ಬಾರದ ಗಾಳಿ ಅವರಿಗೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಕಂಪ್ಯೂಟರ್ ಹೇಳುತ್ತದೆ ಎಂದು ಉತ್ತರಿಸಿ ನಾನು ಮುಂದಕ್ಕೆ ಹೋದೆ. ಅದು ಉತ್ತರವಲ್ಲ, ಪ್ರಶ್ನೆಯನ್ನು ಮುಚ್ಚಿಹಾಕಿದ್ದು ಎಂದು ಮಾರ್ಗದರ್ಶಕರು ಪಾಠ ವೀಕ್ಷಣಾ ಪುಸ್ತಕದಲ್ಲಿ ಬರೆದರು.

ಸರಿಯಾದ ಉತ್ತರ ಹುಡುಕುತ್ತ ಹೋದಾಗ ನನಗೆ ಸಿಕ್ಕಿದ್ದು ರಿಚರ್ಡ್‌ಸನ್ ಅವರ ಬದುಕು. ಕಂಪ್ಯೂಟರ್ ಹುಟ್ಟುವ ಮೊದಲೇ ಹವಾಮಾನವನ್ನು ಕೈಲೆಕ್ಕದಿಂದ ಮುಂಗಾಣಲು ಹೊರಟ ಈ ವಿಜ್ಞಾನಿ, ಲಂಡನ್ನಿನ ಒಂದು ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸುಮಾರು ಒಂಬತ್ತು ವರ್ಷ ಭೌತಶಾಸ್ತ್ರ ಕಲಿಸಿದವರೂ ಹೌದು.

ಅವರು ಹುಟ್ಟಿದ್ದು 1881ರ ಅಕ್ಟೋಬರ್ 11ರಂದು, ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ. ಏಳು ಮಕ್ಕಳಲ್ಲಿ ಕೊನೆಯವರು. ಮನೆಯವರು ಕ್ವೇಕರ್ ಪಂಥದವರು. ಯುದ್ಧದಲ್ಲಿ ಆಯುಧ ಹಿಡಿಯಬಾರದೆಂಬುದು ಆ ಪಂಥದ ನಂಬಿಕೆ. ಕೇಂಬ್ರಿಜ್‌ನಲ್ಲಿ ಓದಿ, 1913ರಲ್ಲಿ ಸ್ಕಾಟ್ಲೆಂಡಿನ ಎಸ್ಕ್‌ಡೇಲ್‌ಮ್ಯೂರ್ ವೀಕ್ಷಣಾಲಯದ ಮೇಲ್ವಿಚಾರಕರಾದರು.

ಆ ಕಾಲದಲ್ಲಿ ಹವಾಮಾನ ತಜ್ಞರು ಇಂದಿನ ನಕ್ಷೆಯನ್ನು ಹೋಲುವ ಹಳೆಯ ನಕ್ಷೆಯನ್ನು ನೆನಪಿಸಿಕೊಂಡು, ಅಂದು ಆದದ್ದೇ ನಾಳೆಯೂ ಆದೀತು ಎಂದು ಊಹಿಸುತ್ತಿದ್ದರು. ರಿಚರ್ಡ್‌ಸನ್‌ಗೆ ಇದು ಸಾಲಲಿಲ್ಲ. ಗಾಳಿಯೂ ಭೌತಶಾಸ್ತ್ರದ ನಿಯಮಗಳಿಗೆ ಒಳಪಟ್ಟ ವಸ್ತು. ಹಾಗಾದರೆ ಅದರ ನಾಳೆಯನ್ನು ಲೆಕ್ಕ ಹಾಕಬಹುದು. ಅವರ ವಿಧಾನ ಹೀಗಿತ್ತು: ನಕ್ಷೆಯನ್ನು ಚದುರಂಗದ ಮಣೆಯಂತೆ ಚೌಕಗಳಾಗಿ ಹಂಚಬೇಕು, ಎತ್ತರದಲ್ಲಿ ವಾತಾವರಣವನ್ನು ಐದು ಪದರಗಳಾಗಿ ವಿಭಾಗಿಸಬೇಕು, ಒತ್ತಡ, ಉಷ್ಣತೆ, ತೇವಾಂಶ, ಗಾಳಿಯ ವೇಗಗಳನ್ನು ಬರೆದುಕೊಂಡು, ನೆರೆಯ ಚೌಕಗಳ ಅಂಕಿಗಳಿಂದ ಮುಂದಿನ ಗಳಿಗೆಯ ಅಂಕಿ ಕಂಡುಹಿಡಿಯಬೇಕು. ಇಂದಿನ ಕಂಪ್ಯೂಟರ್ ಮಾದರಿಗಳ ಮೂಲ ಕ್ರಮವೂ ಇದೇ.

1916ರಲ್ಲಿ ಅವರು ಕೆಲಸ ಬಿಟ್ಟು ಕ್ವೇಕರರ ಆಂಬುಲೆನ್ಸ್ ದಳ ಸೇರಿ ಫ್ರಾನ್ಸಿಗೆ ಹೋದರು. ಬಂದೂಕು ಹಿಡಿಯಲಿಲ್ಲ, ಗಾಯಾಳುಗಳನ್ನು ಸಾಗಿಸಿದರು. ಬಿಡುವಿನಲ್ಲಿ, ಚಳಿಯ ಬಿಡಾರದ ಹುಲ್ಲಿನ ರಾಶಿಯ ಮೇಲೆ ಕುಳಿತು ಲೆಕ್ಕ ಮಾಡಿದರು. ಆರಿಸಿಕೊಂಡದ್ದು 1910ರ ಮೇ 20ರ ಬೆಳಗ್ಗೆ ಯೂರೋಪಿನಲ್ಲಿ ದಾಖಲಾಗಿದ್ದ ಅಂಕಿಗಳನ್ನು. ಆರು ಗಂಟೆಗಳ ಹವಾಮಾನ, ಅದೂ ಎರಡೇ ಕಡೆಯದು. ಲೆಕ್ಕಕ್ಕೆ ಹಿಡಿದದ್ದು ಸುಮಾರು ಆರು ವಾರ. 1917ರ ಷಾಂಪೇನ್ ಕದನದ ಗದ್ದಲದಲ್ಲಿ ಹಸ್ತಪ್ರತಿ ಕಳೆದುಹೋಯಿತು. ತಿಂಗಳುಗಳ ನಂತರ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲ ರಾಶಿಯ ಕೆಳಗೆ ಸಿಕ್ಕಿತು.

ಫಲಿತಾಂಶ ಪೂರ್ತಿ ತಪ್ಪಾಗಿತ್ತು. ಆರು ಗಂಟೆಗಳಲ್ಲಿ ಒತ್ತಡ 145 ಹೆಕ್ಟೊಪ್ಯಾಸ್ಕಲ್ ಏರುತ್ತದೆ ಎಂದಿತು ಲೆಕ್ಕ. ಆ ದಿನ ಒತ್ತಡ ಬಹುತೇಕ ಅಲುಗಾಡಿರಲೇ ಇಲ್ಲ. 145 ಎಂದರೆ ಎಷ್ಟು? ಸಮುದ್ರಮಟ್ಟದ ಸರಾಸರಿ ಒತ್ತಡ 1013. ಇದುವರೆಗೆ ಸಮುದ್ರಮಟ್ಟದಲ್ಲಿ ದಾಖಲಾದ ಅತಿ ಕಡಿಮೆ ಒತ್ತಡ 870. ಅದು 1979ರ ಟಿಪ್ ಚಂಡಮಾರುತದ ಕೇಂದ್ರದಲ್ಲಿ ಕಂಡದ್ದು. ಇವೆರಡರ ನಡುವಿನ ಅಂತರವೇ 143!

ಬೇರೆಯವರಾಗಿದ್ದರೆ ಹಾಳೆ ಹರಿದುಹಾಕುತ್ತಿದ್ದರೋ ಏನೋ. ರಿಚರ್ಡ್‌ಸನ್ 1922ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಸೂತ್ರ, ಕೋಷ್ಟಕ, ತಪ್ಪಿದ ಉತ್ತರ ಎಲ್ಲವನ್ನೂ ಹಾಗೆಯೇ ಅಚ್ಚು ಮಾಡಿಸಿದರು. ದೊಡ್ಡ ಸಭಾಂಗಣವೊಂದರಲ್ಲಿ 64,000 ಜನ ಕುಳಿತು, ಒಬ್ಬೊಬ್ಬರೂ ತಮ್ಮ ಪಾಲಿನ ಲೆಕ್ಕ ಮಾಡುತ್ತ ಜಗತ್ತಿನ ಹವಾಮಾನದ ಜೊತೆಗೆ ಹೆಜ್ಜೆ ಹಾಕುವ ಕನಸನ್ನೂ ಅದರಲ್ಲೇ ಬರೆದರು.

ಹಾಳೆಗಳು ಉಳಿದದ್ದರಿಂದಲೇ ದೋಷ ಎಲ್ಲಿತ್ತೆಂದು ಮುಂದಿನವರಿಗೆ ತಿಳಿಯಿತು. ತುಂಬಿದ ಕೊಡ ಹೊತ್ತು ನಡೆದರೆ ನೀರು ತುಳುಕುತ್ತದೆ. ತುಳುಕಿ ಮೇಲೆದ್ದ ಕ್ಷಣವನ್ನೇ ನೋಡಿ, ಕೊಡ ತುಂಬುತ್ತಿದೆ ಎಂದು ತೀರ್ಮಾನಿಸಿದರೆ ಹೇಗೆ? ಆರಂಭದ ಅಂಕಿಗಳಲ್ಲಿ ಒತ್ತಡ ಮತ್ತು ಗಾಳಿ ಒಂದಕ್ಕೊಂದು ಹೊಂದಿರಲಿಲ್ಲ. ಅದರಿಂದೆದ್ದ ವೇಗದ ಅಲೆಗಳ ತುಳುಕಾಟವನ್ನೇ ಲೆಕ್ಕವು ಆರು ಗಂಟೆಯವರೆಗೆ ಎಳೆದಿತ್ತು. ಐರ್ಲೆಂಡಿನ ವಿಜ್ಞಾನಿ ಪೀಟರ್ ಲಿಂಚ್ ಅದೇ ಅಂಕಿಗಳಿಂದ ತುಳುಕನ್ನು ಸೋಸಿ ಮತ್ತೆ ಲೆಕ್ಕ ಮಾಡಿದಾಗ ನಂಬತಕ್ಕ ಉತ್ತರ ಬಂದಿತು.

1920ರಲ್ಲಿ ಹವಾಮಾನ ಕಚೇರಿ ವಾಯುಪಡೆಯನ್ನು ನೋಡಿಕೊಳ್ಳುವ ಸಚಿವಾಲಯಕ್ಕೆ ಸೇರಿದಾಗ ರಿಚರ್ಡ್‌ಸನ್ ರಾಜೀನಾಮೆ ಕೊಟ್ಟರು. ಆಗ ಸೇರಿದ್ದೇ ವೆಸ್ಟ್‌ಮಿನ್‌ಸ್ಟರ್ ತರಬೇತಿ ಕಾಲೇಜು. ಗಾಳಿಯ ಸುಳಿಗಳ ಅಭ್ಯಾಸದಲ್ಲಿ ಅವರ ಹೆಸರಿನ ಒಂದು ಸಂಖ್ಯೆಯಿದೆ. ಗಾಳಿಯ ಪದರಗಳ ಸ್ಥಿರತೆ ಹೆಚ್ಚೋ, ಎತ್ತರಕ್ಕೆ ಹೋದಂತೆ ವೇಗ ಬದಲಾಗುವುದು ಹೆಚ್ಚೋ ಎಂದು ಅದು ತೂಗಿ ನೋಡುತ್ತದೆ. ಸಂಖ್ಯೆ ಸಣ್ಣದಾದರೆ ಗಾಳಿ ಕದಡುತ್ತದೆ. ಮೇಲಿನ ವೇಗದ ಗಾಳಿ ನೆಲಕ್ಕಿಳಿದು ಮರ ಉರುಳಿಸಬಲ್ಲದು. ಬಿರುಗಾಳಿಯ ಮಾದರಿಗಳಿಗೆ ಇದು ಇಂದಿಗೂ ಬೇಕು.

1929ರಲ್ಲಿ ಅವರು ಸ್ಕಾಟ್ಲೆಂಡಿನ ಪೇಸ್ಲಿ ತಾಂತ್ರಿಕ ಕಾಲೇಜಿನ ಪ್ರಾಂಶುಪಾಲರಾದರು. 1940ರಲ್ಲಿ ನಿವೃತ್ತರಾಗಿ, ಯುದ್ಧಗಳಿಗೆ ಕಾರಣವೇನೆಂಬುದನ್ನು ಗಣಿತದಿಂದ ಹುಡುಕುವುದಕ್ಕೆ ಉಳಿದ ಆಯುಷ್ಯ ಕೊಟ್ಟರು. 1950ರಲ್ಲಿ ಅಮೆರಿಕದ ಎನಿಯಾಕ್ ಯಂತ್ರ ಮೊದಲ ಕಂಪ್ಯೂಟರ್ ಮುನ್ಸೂಚನೆ ಕೊಟ್ಟಿತು. 24 ಗಂಟೆಗಳ ಮುನ್ಸೂಚನೆಗೆ ಹಿಡಿದದ್ದು ಸುಮಾರು 24 ಗಂಟೆ. ಆ ಸುದ್ದಿ ತಿಳಿಯುವವರೆಗೆ ಬದುಕಿದ್ದ ರಿಚರ್ಡ್‌ಸನ್ 1953ರ ಸೆಪ್ಟೆಂಬರ್ 30ರಂದು ತೀರಿಕೊಂಡರು.

ಆದರೂ ಲೆಕ್ಕ ತಪ್ಪುವುದು ನಿಲ್ಲಲಿಲ್ಲ. 1987ರ ಅಕ್ಟೋಬರ್ 16ರ ಮುಂಜಾವ ದಕ್ಷಿಣ ಇಂಗ್ಲೆಂಡಿಗೆ ಬಡಿದ ಬಿರುಗಾಳಿಯ ಬಿರುಸನ್ನು ಅಲ್ಲಿನ ಮುನ್ಸೂಚನೆ ಸರಿಯಾಗಿ ಅಳೆಯಲಿಲ್ಲ. 18 ಜನ ಸತ್ತರು, ಸುಮಾರು 1.5 ಕೋಟಿ ಮರಗಳು ಉರುಳಿದವು. ಮುಂದೆ ವಿಜ್ಞಾನಿಗಳು ಆ ದಿನಗಳ ಆರಂಭದ ಅಂಕಿಗಳನ್ನು ಚೂರುಚೂರು ಬದಲಿಸಿ ಮಾದರಿಯನ್ನು ಹಲವು ಬಾರಿ ಓಡಿಸಿದರು. ಕೆಲವು ಓಟಗಳಲ್ಲಿ ಭೀಕರ ಗಾಳಿ, ಕೆಲವುಗಳಲ್ಲಿ ಸಾಧಾರಣ ಗಾಳಿ ಕಂಡಿತು. ಒಂದೇ ಉತ್ತರವನ್ನು ನೆಚ್ಚದೆ, ಹಲವು ಓಟಗಳನ್ನು ಹೋಲಿಸಿ ಸಾಧ್ಯತೆ ಹೇಳುವ ಪದ್ಧತಿಯನ್ನು ಯೂರೋಪಿನ ಮುನ್ಸೂಚನಾ ಕೇಂದ್ರ 1992ರಲ್ಲಿ ದಿನಬಳಕೆಗೆ ತಂದಿತು.

ಮುಂದಿನ ಅವಧಿಯಲ್ಲಿ ನಾನು ಈ ಕಥೆ ಹೇಳಿದೆ. ಪ್ರತಿ ಬೆಂಚನ್ನೂ ಒಂದು ಚೌಕ ಮಾಡಿ, ಒಂದೊಂದಕ್ಕೂ ಒಂದು ಅಂಕಿ ಕೊಟ್ಟು, ಅಕ್ಕಪಕ್ಕದ ಅಂಕಿಗಳೊಡನೆ ಸರಾಸರಿ ತೆಗೆಯಲು ಹೇಳಿದೆ. ಇದು ನಿಜವಾದ ಹವಾಮಾನ ಲೆಕ್ಕವಲ್ಲ, ನೆರೆಯ ಚೌಕಗಳ ಪ್ರಭಾವ ತೋರಿಸುವ ಆಟವೆಂದು ಮೊದಲೇ ತಿಳಿಸಿದ್ದೆ. ಮೂರನೆಯ ಸುತ್ತಿನಲ್ಲಿ ಒಂದು ಬೆಂಚಿನ ಉತ್ತರ ಎಲ್ಲೋ ಹಾರಿಹೋಯಿತು. ಡಸ್ಟರ್ ಹಿಡಿದ ಕೈಯನ್ನು ತಡೆದುಕೊಂಡೆ. ಅಂಕಿಯನ್ನು ಹಲಗೆಯ ಮೇಲೇ ಬಿಟ್ಟು, ಎಲ್ಲಿ ತಪ್ಪಿರಬಹುದೆಂದು ಕೇಳಿದೆ. ಎರಡನೆಯ ಸುತ್ತಿನಲ್ಲಿ ಮೂರರ ಬದಲು ಎರಡರಿಂದ ಭಾಗಿಸಿದ್ದನ್ನು ಹಿಡಿದವಳು ಮೊದಲು ಪ್ರಶ್ನೆ ಕೇಳಿದ್ದ ಅದೇ ಹುಡುಗಿ. ಅಂದು ಪಾಠಯೋಜನೆಯ ಕೊನೆಯ ಹಂತ ಮುಗಿಯಲಿಲ್ಲ. ಮಾರ್ಗದರ್ಶಕರು ಅದನ್ನು ದೋಷವೆಂದು ಬರೆಯಲಿಲ್ಲ.